ಅಣ್ಣನ ಗಂಟಲಿಗೆ ಒಂದು ಮೈಕು

ಫೆಬ್ರುವರಿ 9

ಚಿರಂಜೀವಿ ತಂತಿಗೆ ಅತ್ತಿಗೆಯ ಆಶೀರ್ವಾದ.

ಲಕೋಟೆಯ ಮೇಲೆ ನನ್ನ ಕೈಬರಹ ನೋಡಿ ಗಾಬರಿಯಾಗಬೇಡ. ಹೊಲಿಗೆ ಅಂಗಡಿಯಲ್ಲಿ ಮಧ್ಯಾಹ್ನದ ಬಿಡುವು. ಊಟದ ಡಬ್ಬಿ ಪಕ್ಕಕ್ಕೆ ಸರಿಸಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ಫೋನಿರುವುದು ಮನೆಯಲ್ಲಿ. ನಮ್ಮದು ಎರಡು ಕೋಣೆಯ ಮನೆ, ಒಂದರಲ್ಲಿ ಸೀನಿದರೆ ಇನ್ನೊಂದರಲ್ಲಿ ಕೇಳುತ್ತದೆ. ನಿನ್ನ ಮಾತೆತ್ತಿದರೆ ನಿಮ್ಮಣ್ಣ ಈಗಲೂ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿಬಿಡುತ್ತಾರೆ. ನೀನು ಆಗ ಕೆಲಸಕ್ಕಿದ್ದ ಸ್ಟುಡಿಯೋದಲ್ಲಿ ಅವರು ಹಾಡಿದ ಹಾಡಿನಿಂದ ಅವರ ದನಿಯನ್ನೇ ತೆಗೆದು ಇನ್ನೊಬ್ಬನ ದನಿ ಹಾಕಿದ್ದು, ತರಕಾರಿ ಮಂಡಿಯವರೆಲ್ಲ ರೇಡಿಯೋ ಸುತ್ತ ನಿಂತು ಕೇಳುವಾಗ ಅದು ಅವರಿಗೆ ಗೊತ್ತಾದದ್ದು, ಏಳು ವರ್ಷವಾದರೂ ಹುಣ್ಣು ಆರಿಲ್ಲ. ಸ್ಟುಡಿಯೋ ಮಾಲೀಕರು ಹೇಳಿದ್ದರು, ನೀನು ಮಾಡಿದೆ ಎಂದು ನಾನು ಹೇಳಿ ನೋಡಿದ್ದೇನೆ. ಪ್ರಯೋಜನವಿಲ್ಲ.

ಈಗ ಕೆಲಸದ ಮಾತು. ಮನೆಯ ಕಂಪ್ಯೂಟರಿನಲ್ಲಿ ದನಿ ರೆಕಾರ್ಡ್ ಮಾಡಬೇಕು. ಚೊಕ್ಕವಾಗಿ ಬರಬೇಕು, ಕೈಗೆಟುಕುವ ಬೆಲೆಯಲ್ಲಿ ಆಗಬೇಕು. ಮೈಕಿನ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಒಂದೊಂದೇ ಡಬ್ಬಿ ತೆಗೆದಿಟ್ಟು ಕಂಡೆನ್ಸರ್, ಡೈನಾಮಿಕ್, ಯುಎಸ್‌ಬಿ ಎಂದು ಮಂತ್ರ ಹೇಳಿದ. ಎಲ್ಲದಕ್ಕೂ "ಇದೇ ಬೆಸ್ಟು ಮೇಡಂ" ಅಂದ. ಎಲ್ಲವೂ ಬೆಸ್ಟಾದರೆ ನಾನು ಯಾವುದನ್ನು ಬಿಟ್ಟು ಬರಲಿ? ಬರಿಗೈಲಿ ಬಂದೆ.

ಇದು ನಿನ್ನ ವಿದ್ಯೆ. ಏನು ಕೊಳ್ಳಬೇಕು, ಬರೆದು ತಿಳಿಸು. ಹೊಲಿಗೆ ಅಂಗಡಿಯ ವಿಳಾಸಕ್ಕೆ ಬರೆ.

ಅತ್ತಿಗೆ


ಫೆಬ್ರುವರಿ 17

ಅತ್ತಿಗೆಗೆ ನಮಸ್ಕಾರ.

ನಿಮ್ಮ ಪತ್ರ ಬಂದಾಗ ನಾನು ರಂಗಮಂದಿರದ ಅಟ್ಟದ ಮೇಲೆ ಸ್ಪೀಕರಿನ ಹೊಟ್ಟೆಯೊಳಗೆ ಕೈ ಹಾಕಿಕೊಂಡು ಕೂತಿದ್ದೆ. ಕೈ ತೊಳೆದುಕೊಳ್ಳದೆ ಒಡೆದೆ. ಲಕೋಟೆಗೆಲ್ಲ ಮಸಿಯಾಯಿತು.

ಮೈಕು ಕೊಳ್ಳುವುದು ಚಪ್ಪಲಿ ಕೊಂಡ ಹಾಗೆ ಅತ್ತಿಗೆ. ಕಾಲು ನೋಡದೆ ಕೊಂಡರೆ ಎಷ್ಟು ಬೆಲೆಯದಾದರೂ ಕಚ್ಚುತ್ತದೆ. ಕಂಡೆನ್ಸರ್ ಎಂಬುದು ಚಾಡಿಕೋರರ ಕಿವಿಯಂಥದು. ಪಿಸುಮಾತನ್ನೂ ಹಿಡಿಯುತ್ತದೆ, ಪಕ್ಕದ ಮನೆಯ ಪಾತ್ರೆ ಬಿದ್ದದ್ದನ್ನೂ ಹಿಡಿಯುತ್ತದೆ. ಡೈನಾಮಿಕ್ ಎಂಬುದು ಕಿವಿ ಮಂದವಾದ ಅಜ್ಜನ ಹಾಗೆ. ಬಾಯಿ ಹತ್ತಿರ ತಂದು ಗಟ್ಟಿಯಾಗಿ ಹೇಳಿದರೆ ಚೆನ್ನಾಗಿ ಕೇಳಿಸಿಕೊಳ್ಳುತ್ತದೆ, ದೂರದ ಗಲಾಟೆಯನ್ನು ತಲೆಗೆ ಹಾಕಿಕೊಳ್ಳುವುದಿಲ್ಲ. ಯುಎಸ್‌ಬಿ ಎಂದರೆ ನೇರವಾಗಿ ಕಂಪ್ಯೂಟರಿಗೆ ಸಿಕ್ಕಿಸುವುದು, ಅಷ್ಟೆ. ಅದಿಲ್ಲದ ಮೈಕಿಗೆ ನಡುವೆ ಇಂಟರ್‌ಫೇಸ್ ಎಂಬ ಒಂದು ಪುಟ್ಟ ಪೆಟ್ಟಿಗೆ ಬೇಕು.

ಮೈಕಿಗಿಂತ ಮೊದಲು ಕೋಣೆ. ಬರಿಗೋಡೆ ದನಿಯನ್ನು ಚೆಂಡಿನ ಹಾಗೆ ವಾಪಸು ಎಸೆಯುತ್ತದೆ. ನಿಮ್ಮಲ್ಲಿ ಹೊಲಿಯಲು ತಂದ ಬಟ್ಟೆಯ ಗಂಟುಗಳು ಇರುತ್ತವಲ್ಲ, ಅವುಗಳ ನಡುವೆ ಕೂತರೆ ಕಾಸು ಖರ್ಚಿಲ್ಲದ ಸ್ಟುಡಿಯೋ. ಪ, ಬ, ಫ ಅನ್ನುವಾಗ ಬಾಯಿಂದ ಗಾಳಿ ಹೊಡೆಯುತ್ತದೆ. ಅದನ್ನು ತಡೆಯುವ ಜಾಲರಿ ಅಂತ ಒಂದು ಮಾರುತ್ತಾರೆ, ಕೊಳ್ಳಬೇಡಿ. ಕಸೂತಿಯ ಬಳೆಗೆ ತೆಳ್ಳನೆಯ ಕಾಲುಚೀಲ ಎಳೆದು ಕಟ್ಟಿ ಮೈಕಿನ ಮುಂದೆ ನಿಲ್ಲಿಸಿ.

ಇನ್ನು ಎರಡು ಪ್ರಶ್ನೆ. ಗಂಟಲು ಯಾರದು? ಸುತ್ತ ಸದ್ದು ಎಂಥದು? ಅಣ್ಣನ ಗಂಟಲಾದರೆ ಮೈಕನ್ನು ಎದುರುಮನೆಯಲ್ಲಿಟ್ಟರೂ ಸಾಕು. ತರಕಾರಿ ಮಂಡಿಯಲ್ಲಿ ಅವನು ಹರಾಜು ಕೂಗಿದರೆ ಮೂರನೇ ಸಾಲಿನ ಲಾರಿಯಲ್ಲಿ ಮಲಗಿದ್ದ ಡ್ರೈವರ್ ಎದ್ದು ಕೂರುತ್ತಿದ್ದ. ಸಿಡಿಲು ಎಂದು ಸುಮ್ಮನೆ ಹೆಸರಿಟ್ಟರೇ?

ಹೇಗಿದ್ದಾನೆ? ಕೇಳಬಾರದು ಎಂದುಕೊಂಡಿದ್ದೆ, ಕೇಳಿಬಿಟ್ಟೆ.

ತಂತಿ


ಫೆಬ್ರುವರಿ 25

ತಂತಿ,

ಗಂಟಲು ನಿಮ್ಮಣ್ಣನದೇ. ನೀನು ಬಲ್ಲ ಗಂಟಲೇ. ಮನೆಯ ಕೆಳಗೆ ತಗಡಿನ ಕೆಲಸದವರು ಅಂಗಡಿ ಇಟ್ಟಿದ್ದಾರೆ. ಬೆಳಗಿನಿಂದ ಸಂಜೆಯವರೆಗೆ ಡಬ್ಬಿ, ಕೊಳವೆ, ಬಕೆಟ್ಟು ಬಡಿಯುವ ಸದ್ದು.

ಯಾಕೆ, ಏನು ಎಂದು ಕೇಳಬೇಡ. ನಿನಗೆ ಹೇಳುವುದಿಲ್ಲ ಎಂದು ಅವರಿಗೆ ಮಾತು ಕೊಟ್ಟಿದ್ದೇನೆ. ನಿನ್ನನ್ನು ಕೇಳಿ ಕೊಳ್ಳುತ್ತಿದ್ದೇನೆ ಎಂಬುದೂ ಅವರಿಗೆ ಗೊತ್ತಾಗಬಾರದು. ಯಾವುದು ಎಂದು ಒಂದು ಹೆಸರು ಬರೆದು ಕಳಿಸು. ನಿಧಾನ ಮಾಡಬೇಡ ಮಾರಾಯ.

ಅತ್ತಿಗೆ


ಮಾರ್ಚ್ 31

ಅತ್ತಿಗೆಗೆ,

ತಡವಾಯಿತು. ಕೆಲಸವಿತ್ತು.

ಕೆಳಗೆ ತಗಡು ಬಡಿಯುವವರು, ಮೇಲೆ ಸಿಡಿಲು. ಹಾಗಿದ್ದರೆ ಡೈನಾಮಿಕ್ ಮೈಕು. ಹಾಡುಗಾರರು ಕೈಯಲ್ಲಿ ಹಿಡಿಯುವಂಥದು, ತೀರ ಅಗ್ಗದ್ದು ಬೇಡ, ನಡುವಿನದು ಸಾಕು. ಎರಡು ತೂತಿನ ಇಂಟರ್‌ಫೇಸ್ ಪೆಟ್ಟಿಗೆ, ಯಾರಾದರೂ ಬಳಸಿ ಮಾರುವುದಾದರೂ ಆಗುತ್ತದೆ. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನು. ಒಂದು ಸ್ಟ್ಯಾಂಡು. ರೆಕಾರ್ಡಿಂಗ್ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ.

ಅವನ ಹಾಡು ಚೆನ್ನಾಗಿ ಬರಲಿ. ಮನೆಯಲ್ಲೇ ಮಾಡಿಕೊಳ್ಳುತ್ತಿರುವುದು ಒಳ್ಳೆಯದು. ಅಳಿಸಲು ನಡುವೆ ನಾನಿಲ್ಲ.

ತಂತಿ


ಏಪ್ರಿಲ್ 20

ತಂತಿ,

ನೀನು ಹೇಳಿದ್ದನ್ನೆಲ್ಲ ತಂದೆ. ಬಟ್ಟೆಯ ಗಂಟುಗಳನ್ನು ಗೋಡೆಯ ಎತ್ತರಕ್ಕೆ ಪೇರಿಸಿ ನಡುವೆ ಕುರ್ಚಿ ಹಾಕಿದೆ. ಶಾಲೆ ಮಕ್ಕಳ ನೀಲಿ ಸಮವಸ್ತ್ರದ ಮಧ್ಯೆ ನಿಮ್ಮಣ್ಣ ಹೆಡ್‌ಮಾಸ್ಟರರ ಹಾಗೆ ಕೂತರು. ಕಸೂತಿ ಬಳೆಯ ಜಾಲರಿಯನ್ನೂ ಮಾಡಿದೆ. "ಯಾರು ಹೇಳ್ಕೊಟ್ರು?" ಅಂದರು. "ಅಂಗಡಿಯವನು" ಅಂದೆ.

ಆದರೆ ದನಿ ಹತ್ತುವುದಿಲ್ಲ. ಕಂಪ್ಯೂಟರಿನಲ್ಲಿ ಗೆರೆ ಇರುವೆ ಸಾಲಿನ ಹಾಗೆ ಚಪ್ಪಟೆ. ಪೆಟ್ಟಿಗೆಯ ತಿರುಪನ್ನು ಕೊನೆಯವರೆಗೂ ತಿರುಗಿಸಿದೆ. ಆಗ ಮಾತು ಸ್ವಲ್ಪ ಏಳುತ್ತದೆ, ಜೊತೆಗೆ ಎಣ್ಣೆಯಲ್ಲಿ ನೀರು ಬಿದ್ದ ಹಾಗೆ ಸುಯ್ ಎನ್ನುವ ಸದ್ದೂ ಏಳುತ್ತದೆ. ಮಾತು ಯಾವುದು, ಸುಯ್ ಯಾವುದು ಗೊತ್ತಾಗುವುದಿಲ್ಲ. ದಿನವೂ ಕೂರುತ್ತೇವೆ, ದಿನವೂ ಅಳಿಸುತ್ತೇವೆ. ಅವರಿಗೆ ಬೇಗ ಆಯಾಸವಾಗುತ್ತದೆ.

ತಪ್ಪು ಎಲ್ಲಿ?

ಅತ್ತಿಗೆ


ಏಪ್ರಿಲ್ 27

ಅತ್ತಿಗೆಗೆ ನಮಸ್ಕಾರ.

ಓದಿ ನಗು ಬಂತು, ಕ್ಷಮಿಸಿ. ಅಣ್ಣನ ಗಂಟಲು ಮೈಕಿಗೆ ಸಾಲದು ಅಂದರೆ ಸಮುದ್ರದಲ್ಲಿ ಉಪ್ಪು ಸಾಲದು ಅಂದ ಹಾಗೆ. ಮೈಕಿನ ತಲೆಗೆ ಬದಲು ಪಕ್ಕಕ್ಕೆ ಹಾಡುತ್ತಿದ್ದಾನೆ, ಇಲ್ಲವೇ ಒಂದು ಮೊಳ ದೂರ ಕೂತಿದ್ದಾನೆ. ನಾಲ್ಕು ಬೆರಳು ಅಂತರ ಸಾಕು. ಕೇಬಲ್ಲನ್ನೂ ಬದಲಾಯಿಸಿ ನೋಡಿ.

ಹಾಡು ಬೇಡ, ಸುಮ್ಮನೆ ಎರಡು ಮೂಟೆ ಈರುಳ್ಳಿ ಹರಾಜು ಕೂಗಲು ಹೇಳಿ. ಅದನ್ನು ಪೆನ್‌ಡ್ರೈವಿಗೆ ಹಾಕಿ ಕಳಿಸಿ, ಕೇಳಿ ಹೇಳುತ್ತೇನೆ. ನಿಜ ಹೇಳಬೇಕೆಂದರೆ ನನಗೂ ಕೇಳುವ ಆಸೆ. ಏಳು ವರ್ಷವಾಯಿತು.

ತಂತಿ


ಮೇ 6

ತಂತಿ,

ಲಕೋಟೆಯಲ್ಲಿ ಪೆನ್‌ಡ್ರೈವ್ ಇದೆ. ಅದನ್ನು ಹಾಕುವ ಮೊದಲು ಇದನ್ನು ಓದು. ಕೂತು ಓದು.

ಹೋದ ವರ್ಷ ಮಂಡಿಯಲ್ಲಿ ಟೊಮೇಟೊ ಹರಾಜಾಗುವಾಗ ನಿಮ್ಮಣ್ಣನ ಬಾಯಲ್ಲಿ "ನಲವತ್ತು" ಎಂಬುದು "ಅಲವತ್ತು" ಎಂದು ಬಂತು. ಜನ ನಕ್ಕರು. ಮರುದಿನ ಮತ್ತೆ ಬಂತು. ಬೆಳಿಗ್ಗೆಯೇ ಕುಡಿದು ಬಂದಿದ್ದಾರೆ ಎಂದುಕೊಂಡರು. ಗುಟುಕು ಕಾಫಿಗಿಂತ ಹೆಚ್ಚಿನದನ್ನು ಕುಡಿಯದ ಮನುಷ್ಯ, ಮನೆಗೆ ಬಂದು ಗೋಡೆಗೆ ಮುಖ ಮಾಡಿ ಕೂತರು. ಹಲ್ಲಿನ ಡಾಕ್ಟರು, ಗಂಟಲಿನ ಡಾಕ್ಟರು, ಕೊನೆಗೆ ನರದ ಡಾಕ್ಟರು. ನಾಲಿಗೆಗೂ ಗಂಟಲಿಗೂ ಹೋಗುವ ನರಗಳು ಒಂದೊಂದಾಗಿ ಸೊರಗುತ್ತಿವೆಯಂತೆ. ಮದ್ದಿಲ್ಲ. ಮೊದಲು ಮಾತು, ಆಮೇಲೆ ನುಂಗುವುದು, ಆಮೇಲೆ ಉಸಿರು. ಬಸ್ಸು ಎಲ್ಲೆಲ್ಲಿ ನಿಲ್ಲುತ್ತದೆ ಎಂದು ಹೇಳುವ ಹಾಗೆ ಹೇಳಿದರು. ನಾನು "ಸರಿ ಡಾಕ್ಟ್ರೇ" ಅಂದೆ.

ಮಾತು ಕಲಿಸುವ ಡಾಕ್ಟರಮ್ಮ ಒಬ್ಬರಿದ್ದಾರೆ. ಅವರು ಹೇಳಿದ್ದು, ದನಿ ಇರುವಾಗಲೇ ಮನೆಯಲ್ಲಿ ಕೂತು ನೂರಾರು ವಾಕ್ಯ ಓದಿ ಚೊಕ್ಕವಾಗಿ ರೆಕಾರ್ಡ್ ಮಾಡಿ. ಅದರಿಂದ ಕಂಪ್ಯೂಟರು ಅವರದೇ ದನಿಯನ್ನು ಕಟ್ಟುತ್ತದೆ. ಮುಂದೆ ಬಾಯಿ ನಿಂತರೂ ಟೈಪ್ ಮಾಡಿದ್ದನ್ನು ಅವರ ದನಿಯಲ್ಲೇ ಹೇಳುತ್ತದೆ. ಮೈಕು ಬೇಕಾದದ್ದು ಅದಕ್ಕೆ. ಹಾಡಿಗಲ್ಲ.

ನಿನಗೆ ತಿಳಿಸಬಾರದು ಎಂದು ಆಣೆ ಹಾಕಿಸಿಕೊಂಡರು. "ಅವ್ನು ಕೊನೇಲಿ ಕೇಳಿದ್ದು ಒಳ್ಳೇ ಗಂಟ್ಲು. ಅದೇ ಇರ್ಲಿ ಅವ್ನ ಕಿವೀಲಿ" ಅಂದರು. ಇವತ್ತು ನಾನು ಆಣೆ ಮುರಿದೆ. ಈರುಳ್ಳಿ ಹರಾಜು ಕೂಗಲು ಹೇಳಿ ಎಂದು ಬರೆದಿದ್ದೆಯಲ್ಲ, ಅದನ್ನು ಓದಿದ ಮೇಲೆ ಸುಳ್ಳು ಮುಂದುವರಿಸುವ ಶಕ್ತಿ ನನ್ನಲ್ಲಿ ಉಳಿಯಲಿಲ್ಲ.

ಕೂಗಿದರು. ಅದರಲ್ಲಿದೆ.

ಅತ್ತಿಗೆ


ಮೇ 11

ಅತ್ತಿಗೆ,

ಕೇಳಿದೆ. ಮೊದಲ ಸಲ ತಪ್ಪು ಫೈಲು ಎಂದುಕೊಂಡು ನಿಲ್ಲಿಸಿದೆ. "ಎರಡು ಮೂಟೆ" ಅನ್ನುವಲ್ಲಿ ಅವನ ಉಸಿರೆಳೆತ ಗುರುತು ಸಿಕ್ಕಿತು. ಆಮೇಲೆ ಕೊನೆಯವರೆಗೆ ಕೇಳಿದೆ.

ಫೆಬ್ರುವರಿಯಲ್ಲಿ ನೀವು ಒಂದು ಮಾತು ಹೇಳಿದ್ದರೆ ನಾನು ಆ ಮೈಕನ್ನು ಹೇಳುತ್ತಲೇ ಇರಲಿಲ್ಲ. ಕಿವಿ ಮಂದದ ಅಜ್ಜನ ಮುಂದೆ ಪಿಸುಗುಡುವವರನ್ನು ಕೂರಿಸಿದ ಹಾಗಾಯಿತು. ಸೋತ ದನಿಗೆ ಕಂಡೆನ್ಸರೇ ಬೇಕು. ನಿಮ್ಮನ್ನು ದೂರುತ್ತಿಲ್ಲ. ನಿಮ್ಮ ಫೆಬ್ರುವರಿಯ ಎರಡನೇ ಪತ್ರ ಮಾರ್ಚ್ ತಿಂಗಳಿಡೀ ನನ್ನ ಜೇಬಿನಲ್ಲಿತ್ತು. ಅಣ್ಣ ಮತ್ತೆ ಹಾಡಲು ಹೊರಟಿದ್ದಾನೆ, ನನಗೆ ಮಾತ್ರ ಗೊತ್ತಾಗಬಾರದಂತೆ ಎಂದು ಮುಖ ಊದಿಸಿಕೊಂಡು ಕೂತಿದ್ದೆ. ನಿಧಾನ ಮಾಡಬೇಡ ಎಂದು ನೀವು ಬರೆದದ್ದನ್ನು ದಿನವೂ ಓದಿ, ದಿನವೂ ಮಡಿಸಿಟ್ಟೆ. ಅಷ್ಟು ಹೊತ್ತಿನಲ್ಲಿ ಅವನ ಗಂಟಲಿನಿಂದ ಏನೇನು ಹೋಯಿತೋ.

ನನ್ನದೇ ಕಂಡೆನ್ಸರ್ ಮೈಕನ್ನು ಪಾರ್ಸೆಲ್ ಮಾಡಿದ್ದೇನೆ. ಹತ್ತಿಯಲ್ಲಿ ಸುತ್ತಿದೆ. ಇಂಟರ್‌ಫೇಸ್ ಪೆಟ್ಟಿಗೆಯ ಮೇಲೆ 48 ಎಂದು ಬರೆದ ಗುಂಡಿಯನ್ನು ಒತ್ತಬೇಕು, ಇಲ್ಲದಿದ್ದರೆ ಅದಕ್ಕೆ ಜೀವ ಬರುವುದಿಲ್ಲ. ಕಂಪ್ಯೂಟರನ್ನು ಪಕ್ಕದ ಕೋಣೆಯಲ್ಲಿಟ್ಟು ತಂತಿ ಉದ್ದ ಎಳೆಯಿರಿ, ಅದರ ಫ್ಯಾನಿನ ಸದ್ದು ಬರಬಾರದು. ಅವನು ಜೋರಾಗಿ ಹೇಳಲು ಹೋಗಬಾರದು. ಮಗುವನ್ನು ಮಲಗಿಸುವಾಗ ಮಾತಾಡುವಷ್ಟು ಸಾಕು, ಮೈಕೇ ಬಾಗಿ ಕೇಳಿಸಿಕೊಳ್ಳುತ್ತದೆ.

ತಗಡಿನವರ ಹತ್ತಿರ ನೀವೇ ಮಾತಾಡಿ. ನಾನು ಬರಲೇ?

ತಂತಿ


ಜೂನ್ 3

ತಂತಿ,

ಮೈಕು ಬಂತು. ಗುಂಡಿ ಒತ್ತಿ ಹೆಡ್‌ಫೋನು ಹಾಕಿಕೊಂಡೆ. ನಿಮ್ಮಣ್ಣ ಎಂಜಲು ನುಂಗಿದ್ದು, ಅವರ ಅಂಗಿಯ ಗುಂಡಿ ಕುರ್ಚಿಗೆ ತಾಗಿದ್ದು, ಎಲ್ಲ ಕೇಳಿತು. ಒಂದೇ ಮನೆಯಲ್ಲಿ ಇಷ್ಟು ವರ್ಷ ಇದ್ದು ಇದನ್ನೆಲ್ಲ ಕೇಳಿಸಿಕೊಂಡಿರಲಿಲ್ಲ.

ತಗಡಿನವರನ್ನು ಕೇಳಿಕೊಂಡೆ. ಯಜಮಾನರು ಸುತ್ತಿಗೆ ಕೆಳಗಿಟ್ಟು, "ಊಟ ಆದ್ಮೇಲೆ ಎಷ್ಟೊತ್ತು ಬೇಕೋ ತಗೊಳ್ಳಿ. ಅವ್ರು ಮಂಡೀಲಿ ಕೂಗಿದ್ದನ್ನ ಕೇಳ್ಕೊಂಡೇ ನಾವು ಗಡಿಯಾರ ಸರಿ ಮಾಡ್ತಿದ್ವಿ" ಅಂದರು. ದಿನವೂ ಮಧ್ಯಾಹ್ನ ಬೀದಿ ಸುಮ್ಮನಾಗುತ್ತದೆ. ನಾನೂ ಆ ಹೊತ್ತಿಗೆ ಮನೆಗೆ ಓಡಿ ಬರುತ್ತೇನೆ.

ಆದರೂ ತಡವಾಯಿತು ತಂತಿ. ಡಾಕ್ಟರಮ್ಮ ಕೇಳಿ, ಮೈಕಿನಲ್ಲಿ ದೋಷವಿಲ್ಲ ಅಂದರು. ಮಾತೇ ಕಲಸಿಹೋಗಿದೆ. ಇದರಿಂದ ದನಿ ಕಟ್ಟಿದರೆ ಯಂತ್ರವೂ ಹೀಗೇ ತೊದಲುತ್ತದೆ. ನಾನು ಆಸ್ಪತ್ರೆಯ ಕೊರಿಡಾರಿನಲ್ಲಿ ಕೂತೆ. ಡಾಕ್ಟರಮ್ಮ ಹೊರಗೆ ಬಂದು ಪಕ್ಕದಲ್ಲಿ ಕೂತು ಕೇಳಿದರು: "ಅಣ್ಣ ತಮ್ಮ ಯಾರಾದ್ರೂ ಇದ್ದಾರಾ? ಕೆಲವು ಸಲ ಒಡಹುಟ್ಟಿದವ್ರ ದನಿ ತುಂಬ ಹತ್ರ ಇರುತ್ತೆ. ಅವ್ರು ಓದಿಕೊಟ್ರೂ ಆಗುತ್ತೆ."

ನಿನ್ನ ದನಿ ಹೇಗಿದೆ ಎಂದು ನಾನು ಅವರಿಗೆ ಹೇಳಬೇಕೇ? ಮದುವೆಯಾದ ಹೊಸದರಲ್ಲಿ ಬಾಗಿಲ ಹೊರಗಿನಿಂದ ನೀನು ಕೂಗಿದರೆ ನಿಮ್ಮಣ್ಣನೇ ಬಂದರೆಂದು ತಲೆ ಬಾಚಿಕೊಂಡು ಬಾಗಿಲು ತೆಗೆಯುತ್ತಿದ್ದೆ.

ನಿಮ್ಮಣ್ಣನಿಗೆ ಇನ್ನೂ ಹೇಳಿಲ್ಲ. ನೀನು ಓದಿ ಕಳಿಸಿಬಿಡು. ಆಮೇಲೆ ನಾನು ಹೇಗೋ ಒಪ್ಪಿಸುತ್ತೇನೆ.

ಅತ್ತಿಗೆ


ಜೂನ್ 9

ಅತ್ತಿಗೆ,

ಓದುತ್ತೇನೆ. ಆದರೆ ಹೀಗಲ್ಲ. ಅವನಿಗೆ ಹೇಳದೆ ಅವನ ಜಾಗದಲ್ಲಿ ಇನ್ನೊಂದು ದನಿ ಇಡುವ ಕೆಲಸವನ್ನು ಮತ್ತೆ ನನ್ನ ಕೈಲಿ ಮಾಡಿಸಬೇಡಿ. ಬೇಡ ಅಂದರೆ ಬೇಡ. ಮೊದಲು ಅವನನ್ನು ಕೇಳಿ.

ತಂತಿ


ಜೂನ್ 19

ತಂತಿ,

ಕೇಳಿದೆ. ನಡೆದದ್ದನ್ನು ಹಾಗೆಯೇ ಬರೆಯುತ್ತೇನೆ.

ಗಂಜಿ ಕುಡಿಸಿ ಬಾಯಿ ಒರೆಸಿದ ಮೇಲೆ ಎಲ್ಲವನ್ನೂ ಹೇಳಿದೆ. ಮೈಕು ಯಾರದು, ಜಾಲರಿ ಹೇಳಿಕೊಟ್ಟದ್ದು ಯಾರು, ಆಣೆ ಮುರಿದದ್ದು ಯಾವಾಗ. ಚಪ್ಪಲಿ ಹುಡುಕಲಿಲ್ಲ. ರೋಗ ಕಾಲಿಗೂ ಇಳಿದಿದೆ, ಹಾಗೆ ಎದ್ದು ಹೋಗುವಂತಿಲ್ಲ ಈಗ. ಮೈಕಿನ ಕಡೆ ಬೆರಳು ತೋರಿದರು. ಆಮೇಲೆ ಒಂದೊಂದೇ ಮಾತು ಎಳೆದು ತಂದರು.

"ಅಂದ್ರೆ... ಮತ್ತೆ... ಬೇರೆಯವ್ನ ದನಿ ಹಾಕ್ತಾನೆ."

"ಈ ಸಲ ಕೇಳಿ ಹಾಕ್ತಾನಂತೆ," ಅಂದೆ.

ಅವರ ಭುಜ ಅಲುಗಿತು. ಅಳುತ್ತಿದ್ದಾರೆ ಎಂದು ಹತ್ತಿರ ಹೋದೆ. ನಗುತ್ತಿದ್ದರು. ನಗು ನೆತ್ತಿಗೇರಿ ಕೆಮ್ಮು ಬಂತು, ಬೆನ್ನು ತಟ್ಟಿದೆ. ಆಮೇಲೆ ಸ್ಲೇಟು ಕೇಳಿ ತೆಗೆದುಕೊಂಡು ಬರೆದರು: "ಅವನಿಗೆ ಕೂಗೋಕೆ ಬರಲ್ಲ. ಗಾಜಿನ ಹಿಂದೆ ಕೂರೋ ಜಾತಿ. ಇಲ್ಲೇ ಬರಲಿ. ನನ್ನೆದುರು ಓದಲಿ. ಸರಿ ಇಲ್ಲದಿದ್ದರೆ ನಾನೇ ಅಳಿಸ್ತೀನಿ."

ಒರೆಸಿ ಮತ್ತೆ ಬರೆದರು: "ರಜೆ ಸಿಗುತ್ತಾ ಕೇಳು."

ಬಾ ತಂತಿ.

ಅತ್ತಿಗೆ


ಆಗಸ್ಟ್ 24

ಅತ್ತಿಗೆಗೆ ನಮಸ್ಕಾರ.

ಕ್ಷೇಮವಾಗಿ ತಲುಪಿದೆ. ರಂಗಮಂದಿರದಲ್ಲಿ ನನ್ನ ರಜೆಯ ಬಗ್ಗೆ ಗೊಣಗಿದರು, ಗೊಣಗಲಿ.

ಎಷ್ಟೋ ಜನರನ್ನು ಮೈಕಿನ ಮುಂದೆ ಕೂರಿಸಿದ್ದೇನೆ, ಅಲ್ಲಿ ಕೂರುವ ಸಂಕಟ ಈಗ ತಿಳಿಯಿತು. "ಕಿಟಕಿ ತೆಗೆ," "ನಾಳೆ ಬನ್ನಿ," "ಇವತ್ತು ಬಿಸಿಲು ಜಾಸ್ತಿ" ಎಂದು ಓದುತ್ತಾ ಹೋದ ಹಾಗೆ ನನ್ನ ಗಂಟಲು ಒಣಗುತ್ತಿತ್ತು. ಅವನ ಕಡೆ ನೋಡಿದರೆ ದನಿ ಇಳಿದುಬಿಡುತ್ತಿತ್ತು. ಆಗ ಅವನು ಸ್ಲೇಟು ಎತ್ತಿ ಹಿಡಿದನಲ್ಲ, "ಇದು ಹರಾಜು. ಶೋಕಸಭೆ ಅಲ್ಲ" ಎಂದು. ಆಮೇಲೆ ಸರಿಹೋಯಿತು. ತೂಕ ಎಲ್ಲಿ ಹಾಕಬೇಕು, ಎಲ್ಲಿ ಉಸಿರು ಬಿಡಬೇಕು, ಮೇಜು ಕುಟ್ಟಿ ತೋರಿಸುತ್ತಿದ್ದ. ಏಳು ವರ್ಷದ ಹಿಂದಿನ ವಿಷಯ ಇಬ್ಬರೂ ಎತ್ತಲಿಲ್ಲ. ಬಸ್ಸು ಹತ್ತುವ ದಿನ ನನ್ನ ಕಿವಿ ಹಿಡಿದು ಎಳೆದ, ಚಿಕ್ಕವನಿದ್ದಾಗ ತಂತಿಗಳನ್ನೆಲ್ಲ ಗಂಟು ಹಾಕಿದ್ದಕ್ಕೆ ಎಳೆಯುತ್ತಿದ್ದ ಹಾಗೆ. ನನಗೆ ಸಾಕು.

ನಿಮ್ಮನ್ನು ಎರಡು ಸಲ ಬೇಡದ ದಾರ ತರಲು ಅಂಗಡಿಗೆ ಓಡಿಸಿದ್ದು ಯಾಕೆ ಎಂದು ಕೇಳಬೇಡಿ.

ತಂತಿ


ಅಕ್ಟೋಬರ್ 14

ತಂತಿ,

ಕಂಪ್ಯೂಟರು ಕಟ್ಟಿದ ದನಿ ಬಂದು ತಿಂಗಳಾಯಿತು. ಬರೆಯಲು ಪುರಸೊತ್ತಿಲ್ಲ, ಯಾಕೆಂದರೆ ಮನೆಯಲ್ಲಿ ಮಾತು ನಿಲ್ಲುತ್ತಿಲ್ಲ. ಒಂದು ಬೆರಳಿನಲ್ಲಿ ಟೈಪ್ ಮಾಡುತ್ತಾರೆ, ಒತ್ತುತ್ತಾರೆ. ಬಾಯಿಯ ಮಾತು ಪೂರ್ತಿ ಹೋಗಿದೆ. ಮಂಡಿಯವರು ಬಂದಾಗ ನಮ್ಮ ಹಳೆಯ ಹಾಸಿಗೆಯನ್ನು ಹರಾಜಿಗೆ ಹಾಕಿದರು. ಬಂದವರು ಬೆಲೆ ಏರಿಸಿದ್ದೇ ಏರಿಸಿದ್ದು. ಒಬ್ಬರು ಮೆಟ್ಟಿಲು ಇಳಿಯುವಾಗ ಅತ್ತರಂತೆ, ತಗಡಿನವರು ಹೇಳಿದರು.

ದಾರದ ವಿಷಯ ಗೊತ್ತಾಯಿತು. ಮೊನ್ನೆ ನಾನು ಹೊಲಿಗೆ ಯಂತ್ರದ ಮುಂದೆ ಬಗ್ಗಿಕೊಂಡಿದ್ದಾಗ ಹಿಂದಿನಿಂದ, "ಸಾಕು ಬಾರೇ. ನೀನೂ ದಣಿದಿದ್ದೀಯ. ಸ್ವಲ್ಪ ಕೂತ್ಕೋ ಕಣೇ" ಎಂದು ಕೇಳಿತು. ಯಂತ್ರ ಜೋಡಿಸಿದ ಮಾತಲ್ಲ, ಇಡಿಯಾಗಿ ಮನುಷ್ಯ ಹೇಳಿದ್ದು. ನಾನು ತಿರುಗಲಿಲ್ಲ. ಕಾಲು ಪೆಡಲಿನ ಮೇಲೆ ನಿಂತುಹೋಯಿತು.

ಆಮೇಲೆ ಅವರೇ ಟೈಪ್ ಮಾಡಿ ಹೇಳಿದರು. ನನ್ನನ್ನು ದಾರಕ್ಕೆ ಕಳಿಸಿ ಅಂಥ ಕೆಲವು ಮಾತು ಬರೆದುಕೊಟ್ಟಾಗ ನೀನು ಕಿವಿಯೆಲ್ಲ ಕೆಂಪಾಗಿ, "ಅತ್ತಿಗೇಗೆ ನಾನು ಕಣೇ ಅನ್ನೋದಾ? ಆಗಲ್ಲಪ್ಪ" ಅಂದೆಯಂತೆ. ಅದಕ್ಕೆ ಅವರು, "ಹೇಳೋನು ನೀನಲ್ಲ, ನಾನು" ಎಂದು ಬರೆದು ತೋರಿಸಿದರಂತೆ.

ನಾಚಿಕೆಪಡಬೇಡ. ಅದು ಅವರೇ ಹೇಳಿದ್ದು, ನಾನು ಹಾಗೆಯೇ ಕೇಳಿಸಿಕೊಂಡೆ.

ನುಂಗುವುದು ಕಷ್ಟವಾಗುತ್ತಿದೆ. ಮೂಗಿನಿಂದ ಕೊಳವೆ ಹಾಕಿದ್ದಾರೆ.

ಅತ್ತಿಗೆ


ಜನವರಿ 4

ಅತ್ತಿಗೆ,

ಅಣ್ಣನ ಉತ್ತರಕ್ರಿಯೆಯ ಕೆಲಸವೆಲ್ಲ ಮುಗಿಸಿ ನಾನು ಹೊರಟು ಬಂದಾಗಿನಿಂದ ನಿಮ್ಮ ಒಂದು ಸಾಲೂ ಇಲ್ಲ. ಎಷ್ಟೋ ಸಲ ಫೋನ್ ಮಾಡಿದೆ, ನೀವು ಎತ್ತುವುದಿಲ್ಲ. ಒಂದು ಸಲ ಎತ್ತಿದಿರಿ. ನಾನು ಮಾತು ಶುರುಮಾಡುತ್ತಿದ್ದ ಹಾಗೆ ಇಟ್ಟುಬಿಟ್ಟಿರಿ.

ಮಾರ್ಚ್ ತಿಂಗಳು ನಿಮ್ಮ ಮನಸ್ಸಿನಲ್ಲಿದೆಯೇ? ನಾನು ಆಗಲೇ ಉತ್ತರ ಬರೆದಿದ್ದರೆ ಅವನ ಸ್ವಂತ ದನಿಯೇ ಉಳಿಯುತ್ತಿತ್ತು ಎಂದು ನನಗೂ ಅನ್ನಿಸುತ್ತಲೇ ಇರುತ್ತದೆ. ಬೈಯುವುದಿದ್ದರೆ ಬೈದುಬಿಡಿ ಅತ್ತಿಗೆ. ಸುಮ್ಮನಿರಬೇಡಿ.

ತಂತಿ


ಜನವರಿ 12

ತಂತಿಗೆ ಆಶೀರ್ವಾದ.

ಮಾರ್ಚ್ ತಿಂಗಳನ್ನು ತಲೆಯಿಂದ ತೆಗೆದುಹಾಕು. ಮುಖ ಊದಿಸಿಕೊಂಡದ್ದು ನೀನು, ಬಾಯಿ ಮುಚ್ಚಿಕೊಂಡದ್ದು ನಾನು, ಆಣೆ ಹಾಕಿಸಿಕೊಂಡದ್ದು ಅವರು. ಮೂವರೂ ಸೇರಿ ಮಾಡಿದ್ದನ್ನು ನೀನೊಬ್ಬನೇ ಹೊರಬೇಕಾಗಿಲ್ಲ. ಡಾಕ್ಟರಮ್ಮನನ್ನು ಕೇಳಿದ್ದೆ. ಒಂದು ತಿಂಗಳು ಮೊದಲಾಗಿದ್ದರೆ ಆಗುತ್ತಿತ್ತೋ ಇಲ್ಲವೋ, ಹೇಳಲಾರೆ ಅಂದರು. ನಿನಗೂ ಅಷ್ಟೇ ಹೇಳುತ್ತೇನೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಫೋನಿನ ವಿಷಯ ಬೇರೆ. ಹೇಗೆ ಹೇಳಲಿ ಎಂದು ತಿಳಿಯದೆ ಇಷ್ಟು ದಿನ ಸುಮ್ಮನಿದ್ದೆ.

ಕೊನೆಯ ವಾರ ಅವರ ಬೆರಳೂ ಸೋತಿತ್ತು. ಏನೂ ಒತ್ತಲಿಲ್ಲ. ನಾನು ಕೈ ಹಿಡಿದುಕೊಂಡು ಕೂತಿದ್ದೆ, ಅವರು ನೋಡುತ್ತಿದ್ದರು, ಅಷ್ಟೆ. ಕೊನೆಯ ಮಾತು ಏನು ಎಂದು ನೀನು ಇಲ್ಲಿಗೆ ಬಂದಾಗ ಕೇಳಿದ್ದೆಯಲ್ಲ, ಹಾಗೊಂದು ಇರಲಿಲ್ಲ. ಹೋದ ಮೇಲೆ ಮನೆ ಎಷ್ಟು ಸುಮ್ಮನಾಯಿತೆಂದರೆ, ಕೆಳಗಿನವರು ಮರುದಿನ ತಗಡು ಬಡಿದಾಗ ನನಗೆ ಸಮಾಧಾನವಾಯಿತು.

ಆಮೇಲೆ ಒಂದು ಸಂಜೆ ಒಲೆಯ ಮುಂದೆ ನಿಂತಿದ್ದೆ. ಫೋನ್ ಬಂತು, ಯಾರೆಂದು ನೋಡದೆ ಕಿವಿಗಿಟ್ಟೆ. "ಹೇಗಿದ್ದೀರಿ ಅತ್ತಿಗೆ? ಊಟ ಮಾಡ್ತಿದ್ದೀರಾ ನೀವು?" ಎಂದು ಕೇಳಿತು. ಅವರ ದನಿ, ತಂತಿ. ನೀನು ಎದುರಿಗಿದ್ದಾಗ ಮುಖ ನಿನ್ನದಿತ್ತು, ಫೋನಿನಲ್ಲಿ ಬರೀ ದನಿ. "ಕೂತ್ಕೋ ಕಣೇ" ಅಂದಿದ್ದ ಅದೇ ದನಿ. ಅದು ನನ್ನನ್ನು ನೀವು ಅಂದಿತು. ಮದುವೆಗೆ ಮೊದಲು ಹೆಣ್ಣು ನೋಡಲು ಬಂದಾಗಲೂ ಅವರು ನನ್ನನ್ನು ನೀವು ಅಂದಿರಲಿಲ್ಲ. ಸತ್ತ ಮೇಲೆ ನನ್ನನ್ನು ಮರೆತು, ಪರಿಚಯವಿಲ್ಲದವಳನ್ನು ವಿಚಾರಿಸುವ ಹಾಗೆ ವಿಚಾರಿಸುತ್ತಿದ್ದಾರೆ ಅನ್ನಿಸಿತು. ಫೋನ್ ಇಟ್ಟುಬಿಟ್ಟೆ.

ಇದರಲ್ಲಿ ನಿನ್ನ ತಪ್ಪೇನೂ ಇಲ್ಲ. ನಿನ್ನ ಗಂಟಲನ್ನು ಅವರಿಗೆ ಕೊಟ್ಟೆ, ಅವರು ತೆಗೆದುಕೊಂಡರು. ವಾಪಸು ಕೊಡಲು ಈಗ ಅವರಿಲ್ಲ.

ಅದಕ್ಕೇ ಕೇಳಿಕೊಳ್ಳುತ್ತೇನೆ, ಸ್ವಲ್ಪ ಕಾಲ ಮಾತಾಡಬೇಡ. ಎಷ್ಟು ಕಾಲ ಎಂದು ನನಗೂ ಗೊತ್ತಿಲ್ಲ. ಬರೆ. ರಂಗಮಂದಿರದ ಗೊಣಗಾಟ, ಊಟ, ತಿಂಡಿ, ಏನಾದರೂ ಬರೆ. ಕಾಗದದ ಮೇಲೆ ನೀನು ಎಷ್ಟು ಸಲ ನೀವು ಅಂದರೂ ನನಗೆ ಏನೂ ಆಗುವುದಿಲ್ಲ. ಅಲ್ಲಿ ನೀನು ನನ್ನ ಮೈದುನನೇ.

ಅತ್ತಿಗೆ